ಕಾಕಾನ ವಿಮಾನಕ್ಕೆ ತಕ್ಕ ಪಂಖಾ

ಮನೆಯಲ್ಲಿ ಒಬ್ಬರು ವಿಮಾನ ಕಟ್ಟಲು ಕೂತರೆ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ವಿಳಾಸ ಕೇಳಿಕೊಂಡು ಬರುತ್ತವೆ. ನನ್ನ ಅಳತೆಯ ವಹಿಯ ಅಂಚಿನಲ್ಲಿ ಅಂಥ ಕೆಲವು ಸೇರಿಕೊಂಡಿವೆ.

ಕಾಕಾ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ರಾಯಬಾಗದಿಂದ ಕುಡಚಿಗೆ ಹೋಗುವ ದಾರಿಯಲ್ಲಿ ಅವನ ಹೊಲ. ಅಲ್ಲಿನ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಆರು ವರ್ಷ ದುಡಿದು ಒಬ್ಬರು ಕೂಡುವ ವಿಮಾನ ಕಟ್ಟಿದ. ಅಲ್ಯುಮಿನಿಯಂ ಕೊಳವೆಯ ಎಲುಬು, ಅದರ ಮೇಲೆ ಬಿಗಿದ ಬಟ್ಟೆ, ಮೂಗಿನಲ್ಲಿ ಎರಡು ಸಿಲಿಂಡರಿನ ಇಂಜಿನ್. ನಡುವೆ ವಿಮಾನ ನಡೆಸಲು ಕಲಿತು ಲೈಸೆನ್ಸ್ ಪಡೆದ. ಹಾರಿಸಿ ನೋಡಲು ದಿಲ್ಲಿಯಿಂದ ಅನುಮತಿಯ ಕಾಗದವೂ ಬಂತು. ಉಳಿದದ್ದು ಪ್ರೊಪೆಲ್ಲರ್ ಒಂದೇ. ಆ ಶಬ್ದ ನಮ್ಮ ಕಡೆ ಯಾರ ಬಾಯಲ್ಲೂ ನಿಲ್ಲಲಿಲ್ಲ. ಎರಡನೇ ದಿನಕ್ಕೆ ಅದು ಪಂಖಾ ಆಯಿತು.

ಓಡಿ ಏಳಲು ಬಾಜೂ ಹೊಲದ ಆಯಿ ಜಾಗ ಕೊಟ್ಟಿದ್ದರು. ಕಬ್ಬು ಕಡಿದು, ಕೂಳೆ ಕಿತ್ತು ಸಪಾಟು ಮಾಡಿದ ಮುನ್ನೂರು ಮೀಟರ್ ಪಟ್ಟಿ. "ಕಾಲುವಿ ನೀರ ಬರೂತನ ಎಷ್ಟ ಬೇಕಾದ್ರ ಹಾರ್ಸಕೋರಿ. ನೀರ ಬಂದ ದಿನ ನಾ ಕಬ್ಬ ಹಚ್ಚಾಕಿ" ಎಂದಿದ್ದರು. ನೀರಿಗೆ ಇಪ್ಪತ್ತು ದಿನ ಇತ್ತು. ಅಷ್ಟರಲ್ಲಿ ಹಾರದಿದ್ದರೆ ಆ ಹೊಲ ಮತ್ತೆ ಖಾಲಿಯಾಗುವ ಹೊತ್ತಿಗೆ ದಿಲ್ಲಿಯ ಕಾಗದದ ಅವಧಿ ಮುಗಿದಿರುತ್ತಿತ್ತು.

ನಾನು ಬಿ.ಎಸ್‌ಸಿ. ಫಿಜಿಕ್ಸ್. "ಯವ್ವಾ, ಯಾವ ಪಂಖಾ ಅಂತ ನೀ ಹೇಳು, ನಾ ಹಚ್ತೀನಿ" ಎಂದ ಕಾಕಾ. ಹೀಗೆ ಈ ಕೆಲಸ ನನಗೆ ಬಂತು.

೧. ಪಿಚ್

ಪಂಖಾಕ್ಕೆ ಎರಡು ಸಂಖ್ಯೆ ಮುಖ್ಯ. ಒಂದು, ತುದಿಯಿಂದ ತುದಿಗೆ ಉದ್ದ. ಇನ್ನೊಂದು, ಪಿಚ್. ಸ್ಕ್ರೂ ಮರದೊಳಗೆ ಇಳಿಯುವಂತೆ, ಒಂದು ಸುತ್ತಿಗೆ ಪಂಖಾ ಗಾಳಿಯಲ್ಲಿ ಎಷ್ಟು ಇಂಚು ಮುಂದೆ ಹೋಗಬೇಕೆಂಬ ಲೆಕ್ಕ ಅದು. ಉದ್ದ ನಿರ್ಧಾರವಾಗಿತ್ತು. ಪಿಚ್ ಆಗಿರಲಿಲ್ಲ.

ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ಕೂತು ಬೆಂಗಳೂರಿನ ಅಂಗಡಿಯವರಿಗೆ ಫೋನಿನಲ್ಲಿ ಹೇಳುತ್ತಿದ್ದೆ: "ಪಿಚ್ ಇಪ್ಪತ್ತೆಂಟು ಕಡಿಮೆ ಆಗಬಹುದು, ಮೂವತ್ತೆಂಟು ಜಾಸ್ತಿ ಆಗಬಹುದು. ಮೂವತ್ತೆರಡರದೂ ಒಂದು ಕಳಿಸಿ. ಮೂರನ್ನೂ ಹಚ್ಚಿ ನೋಡ್ತೇವೆ."

ಫೋನ್ ಇಟ್ಟ ಮೇಲೆ ಪಕ್ಕದಲ್ಲಿ ಕೂತಿದ್ದ ಬಿಳಿ ಟೊಪಿಗೆಯ ಅಜ್ಜ ನನ್ನ ಕಡೆ ತಿರುಗಿದರು.

"ತಂಗಿ, ಸಿಟ್ಟ ಮಾಡ್ಕೋಬ್ಯಾಡ. ಪಿಚ್ ಇಪ್ಪತ್ತೆರಡ ಗಜ ಇರ್ತೈತಿ. ನೀ ಮೂವತ್ತೆರಡ ಮಾಡಿದ್ರ ಬಾಲ್ ಒಗ್ಯಾಂವ ಎರಡ ಓವರಿಗೆ ಮಲಕೋತಾನ."

"ಅಜ್ಜಾರ, ಇದು ಆಟದ್ದಲ್ಲರಿ. ವಿಮಾನದ್ದು."

ಅಜ್ಜ ಟೊಪಿಗೆ ಸರಿಮಾಡಿಕೊಂಡು ಇನ್ನೂ ಹತ್ತಿರ ಸರಿದರು.

"ವಿಮಾನದಾಗ ಆಡಾಕತ್ತಾರೇನ ಈಗ? ಮತ್ತ ಬಾಲ್ ಹೊರಗ ಹೋದ್ರ ತರಾವ್ರ ಯಾರು?"

೨. ಮೂರನೇ ರೆಕ್ಕೆ

ಪಾರ್ಸಲ್ ನಿಪ್ಪಾಣಿಗೆ ಬಂತು. ಎರಡು ಪಂಖಾಗಳನ್ನು ಕಾಕಾ ಮೋಟರ್ ಸೈಕಲ್ಲಿಗೆ ಅಡ್ಡ ಕಟ್ಟಿಕೊಂಡು ಹೋದ. ಮೂರನೆಯದನ್ನು ನಾನು ಬಸ್ಸಿನಲ್ಲಿ ತಂದೆ. ಅದರ ಉದ್ದ ಐದು ಅಡಿ, ನನ್ನದು ಐದು ಅಡಿ ಒಂದು ಇಂಚು.

"ಏನ್ರಿ ಇದು?" ಎಂದರು ಕಂಡಕ್ಟರ್.

"ಪಂಖಾರಿ."

ಅವರು ಗೋಣಿತಟ್ಟಿನ ಮೂಲೆ ಸರಿಸಿ ನೋಡಿದರು. "ಎರಡ ರೆಕ್ಕಿ ಅದಾವ. ಮೂರನೇದ ಎಲ್ಲೈತಿ?"

"ಇದಕ್ಕ ಎರಡ ಇರ್ತಾವರಿ."

"ಅಂಗಡಿಯಾಂವ ಹಂಗ ಹೇಳಿ ಕಳಿಸ್ಯಾನೇನ ನಿಮಗ?"

ವಿಷಯ ಇಡೀ ಬಸ್ಸಿಗೆ ಗೊತ್ತಾಯಿತು. ಚಿಕ್ಕೋಡಿ ಬರುವಷ್ಟರಲ್ಲಿ ನಾನು ಮೋಸ ಹೋದವಳೆಂದು ಸರ್ವಾನುಮತದಿಂದ ತೀರ್ಮಾನವಾಗಿತ್ತು. ನಾನು ಇಳಿಯಲು ಎದ್ದರೆ ಇಬ್ಬರು ಹೆಂಗಸರು ಕೈ ಹಿಡಿದು ಕೂಡಿಸಿದರು: "ಇಳೀಬ್ಯಾಡ ತಂಗಿ. ಈ ಬಸ್ಸ ತಿರುಗಿ ನಿಪ್ಪಾಣಿಗೇ ಹೊಕ್ಕೈತಿ. ಹೋಗಿ ಮೂರನೇದ ಈಸ್ಕೊಂಡ ಬಾ."

೩. ಗೇರ್

ಮೂರು ಪಂಖಾ ಬಂದವು. ಜಗಳವೂ ಬಂತು. ಕಾಕಾನ ಮತ ಸರಳವಾಗಿತ್ತು: ಯಾವುದು ಜೋರಾಗಿ ಎಳೆಯುತ್ತದೋ ಅದು. ನನ್ನ ಮತ: ನಿಂತಲ್ಲಿ ಜೋರಾಗಿ ಎಳೆದದ್ದು ಮೇಲೆ ಹೋದಾಗಲೂ ಚೆನ್ನಾಗಿರುತ್ತದೆ ಎಂದಿಲ್ಲ. ಪಟ್ಟಿ ಮುಗಿಯುವ ಮೊದಲು ಏಳಬೇಕು, ಎದ್ದ ಮೇಲೆ ಕಡಿಮೆ ಪೆಟ್ರೋಲಿನಲ್ಲಿ ಹೋಗಬೇಕು. ಎರಡೂ ಆಗುವ ಪಂಖಾ ಬೇಕು. ಇದನ್ನು ಏಳು ಪುಟಗಳಲ್ಲಿ, ಮೂರು ಗ್ರಾಫಿನೊಂದಿಗೆ ಬರೆದು ಕೊಟ್ಟೆ. ಕಾಕಾ ಮೊದಲ ಪುಟ ನೋಡಿ, ಕೊನೆಯ ಪುಟ ನೋಡಿ, "ಅಕ್ಷರ ಚಲೋ ಅದಾವ" ಎಂದ.

ಕಾಕಾನ ಟ್ರ್ಯಾಕ್ಟರ್ ನಡೆಸುವ ಡ್ರೈವರ್ ಅಲ್ಲೇ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದ. ರೊಟ್ಟಿ ಮುರಿಯುತ್ತಲೇ ಕೇಳಿದ: "ಅಕ್ಕಾರ, ಇಪ್ಪತ್ತೆಂಟಂದ್ರ ಲೋ ಗೇರ್ ಹೌದಲ್ಲೋ?"

ನಾನು ಪೆನ್ನು ಕೆಳಗಿಟ್ಟೆ. "ಹೌದು."

"ರಾಡ್ಯಾಗ ಸಿಕ್ಕ ಕಬ್ಬಿನ ಟ್ರಾಲಿ ಎತ್ತತೈತಿ. ಆದ್ರ ರೋಡಿಗೆ ಬಂದ್ರ ಇಂಜಿನ್ ಬರೇ ಒದರತೈತಿ, ಗಾಡಿ ಮುಂದ ಹೋಗಂಗಿಲ್ಲ. ಮೂವತ್ತೆಂಟು ಟಾಪ್ ಗೇರ್. ರೋಡಿನ್ಯಾಗ ಮಸ್ತ, ಹೊಲದಾಗ ಬಂದ್."

"ಹೌದು."

"ನಡುವ ಬದ್ಲಿ ಮಾಡಾಕ ಬರತೈತೇನ್ರಿ?"

"ಇಲ್ಲ. ಒಂದ ಹಚ್ಚಿದ್ರ ಒಂದ."

"ಹಂಗಾದ್ರ ಮೂವತ್ತೆರಡ ಹಚ್ಚರಿ. ಹೊಲಾನೂ ಬಿಡತೈತಿ, ಕುಡಚಿನೂ ಮುಟ್ಟತೈತಿ."

ನನ್ನ ಏಳನೇ ಪುಟದ ಕೊನೆಯ ಸಾಲು ಅದೇ ಆಗಿತ್ತು. ಇದು ಹೇಗೆ ಗೊತ್ತಾಯಿತೆಂದು ಕೇಳಿದೆ.

"ಗೊತ್ತಾಗೂದೇನ ಬಂತ್ರಿ? ನಿಮ್ಮ ಕಾಕಾನ ಟ್ರ್ಯಾಕ್ಟರಿಗೆ ಎರಡ ವರ್ಷ ಆತು, ನಡುವಿಂದ ಅದೊಂದ ಗೇರ್ ಅಷ್ಟ ಬೀಳಾಕತ್ತೈತಿ."

೪. ಸೂಟು

ಲೆಕ್ಕ ಒಪ್ಪಿದರೂ ಅಳೆದು ನೋಡದೆ ನಾನು ಸಹಿ ಹಾಕುವವಳಲ್ಲ. ವಿಮಾನದ ಬಾಲಕ್ಕೆ ಹಗ್ಗ ಕಟ್ಟಬೇಕು, ಹಗ್ಗದ ನಡುವೆ ಕೊಕ್ಕೆಯ ಕಾಟಾ ಹಾಕಬೇಕು, ಇನ್ನೊಂದು ತುದಿಯನ್ನು ಬೇವಿನ ಮರಕ್ಕೆ ಬಿಗಿಯಬೇಕು. ಇಂಜಿನ್ ಪೂರ್ತಿ ಬಿಟ್ಟಾಗ ಪಂಖಾ ಎಷ್ಟು ಕಿಲೋ ಎಳೆಯುತ್ತದೆಂದು ಕಾಟಾ ತೋರಿಸುತ್ತದೆ. ಮುನ್ನೂರು ಮೀಟರಿನಲ್ಲಿ ಕಾಕಾನನ್ನು ಹೊತ್ತು ಏಳಲು ನೂರಾ ಹತ್ತು ಕಿಲೋ ಬೇಕು ಎಂದು ನನ್ನ ಲೆಕ್ಕ.

ಕಾಟಾ ಸಿಕ್ಕಿದ್ದು ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ. ಅಲ್ಲಿ ಮೂವತ್ತು ವರ್ಷದಿಂದ ತೂಕ ಹಿಡಿಯುತ್ತಿದ್ದ ಹಿರಿಯರೊಬ್ಬರು "ಕಾಟಾ ಒಂದ ಬರೂದಿಲ್ಲ, ನಾನೂ ಬರ್ತೀನಿ" ಎಂದು ಜೊತೆಗೇ ಬಂದರು.

ಬೆಳಿಗ್ಗೆ ಶುರು ಮಾಡಿದೆವು. ಕಾಕಾ ವಿಮಾನದೊಳಗೆ, ನಾನು ಇಂಜಿನ್ನಿನ ಸುತ್ತು ತೋರಿಸುವ ಮೀಟರಿನ ಹತ್ತಿರ, ತೂಕದವರು ಬಾಲದ ಹಿಂದೆ ಕಾಟಾದ ಹತ್ತಿರ. ಇಪ್ಪತ್ತೆಂಟು ಹಚ್ಚಿದಾಗ ಇಂಜಿನ್ನಿನ ಸುತ್ತು ನಿಂತಲ್ಲೇ ಕೆಂಪು ಗೆರೆಗೆ ಮುಟ್ಟಿತು. ಹಾರುವಾಗ ಇನ್ನೂ ಏರುತ್ತದೆ, ಇಂಜಿನ್ ಉಳಿಯುವುದಿಲ್ಲ. ವಹಿಯಲ್ಲಿ ಅದನ್ನು ಹೊಡೆದು ಹಾಕಿದೆ. ಮೂವತ್ತೆಂಟಕ್ಕೆ ತೂಕದವರು "ತೊಂಬತ್ತೊಂದ!" ಎಂದು ಕೂಗಿದರು. ಅದೂ ಹೋಯಿತು. ಉಳಿದದ್ದು ಮೂವತ್ತೆರಡು.

"ನೂರಾ ಆರ!"

ಮತ್ತೆ ನೋಡಿದೆವು. ನೂರಾ ಆರು. ಇನ್ನೊಮ್ಮೆ. ನೂರಾ ಆರು.

ಕಾಕಾ ಇಂಜಿನ್ ಬಂದ್ ಮಾಡಿ ಇಳಿದು ಬದುವಿನ ಮೇಲೆ ಕೂತ. ಬೇರೆ ಅಳತೆಯ ಪಂಖಾ ಮಾಡಿಸಿ ತರಿಸಲು ಒಂದು ತಿಂಗಳು ಬೇಕು. ನೀರಿಗೆ ಒಂಬತ್ತು ದಿನ ಉಳಿದಿತ್ತು. "ಆತ ಬಿಡವ್ವಾ. ಶೆಡ್ಡಿನ್ಯಾಗ ನಿಲ್ಲಸೂನು" ಎಂದ. ಆರು ವರ್ಷದಲ್ಲಿ ಅವನ ಬಾಯಿಂದ ಬಿಡುವ ಮಾತು ಬಂದದ್ದು ಅದೇ ಮೊದಲು.

ನನಗೆ ಮೂರು ಸಲವೂ ಅದೇ ಉತ್ತರ ಬಂದದ್ದು ಸಮಾಧಾನ ಕೊಡಲಿಲ್ಲ. ಕಾಟಾ ಸರಿಯಿದೆಯೋ ಎಂದು ನೋಡಬೇಕಾಗಿತ್ತು. ಇಪ್ಪತ್ತು ಲೀಟರ್ ಕ್ಯಾನಿಗೆ ಅಳೆದು ನೀರು ತುಂಬಿ ಕೊಕ್ಕೆಗೆ ತೂಗು ಹಾಕಿದೆ. ನೀರು ಇಪ್ಪತ್ತು ಕಿಲೋ, ಕ್ಯಾನು ಒಂದು.

ತೂಕದವರು ಬಗ್ಗಿ ನೋಡಿ ಕೂಗಿದರು: "ಹದಿನೈದ!"

"ನಿಮ್ಮ ಕಾಟಾ ಕೆಟ್ಟೈತ್ರಿ."

ಅವರಿಗೆ ಸಿಟ್ಟು ಬಂತು. "ಮೂವತ್ತ ವರ್ಷದಾಗ ಒಬ್ಬರೂ ಈ ಮಾತ ಅಂದಿಲ್ಲ. ಕಾಟಾ ಬರೋಬ್ಬರಿ ಐತಿ. ನೋಡ್ರಿ ಬೇಕಾದ್ರ, ಇಪ್ಪತ್ತೊಂದ ತೋರಸಾಕತ್ತೈತಿ."

"ಮತ್ತ ಹದಿನೈದ ಅಂದ್ರಲ್ಲ?"

"ಸೂಟು ಮುರದ ಹೇಳೀನ್ರಿ. ಚೀಲಕ್ಕ ಎರಡ, ಹಸೀಗೆ ನಾಕ. ನಮ್ಮ ವಖಾರಿ ಪದ್ಧತಿ. ಬೆಳಿಗ್ಗಿ ಇಬ್ಬನಿ ಬಿದ್ದಿತ್ತಿಲ್ಲೋ?"

ತಂಬಾಕಿನ ಚೀಲ ತೂಗುವಾಗ ಚೀಲದ ಭಾರ, ಹಸಿಯ ಭಾರ ಕಳೆದು ಹೇಳುವುದೇ ಸೂಟು. ನಾನು ನೂರಾ ಆರಕ್ಕೆ ಆರು ಕೂಡಿಸಿದೆ. ನೂರಾ ಹನ್ನೆರಡು. ಕಾಕಾ ಬದುವಿನಿಂದ ಜಿಗಿದು ಬಂದ.

"ಯಜಮಾನರ, ವಿಮಾನಕ್ಕ ಚೀಲ ಎಲ್ಲೈತ್ರಿ?" ಎಂದ.

ತೂಕದವರು ರೆಕ್ಕೆಯನ್ನು ಬೆರಳಿನಿಂದ ತಟ್ಟಿ ತೋರಿಸಿದರು. "ಮತ್ತ ಮೈ ತುಂಬ ಬಟ್ಟಿ ಹೊಲದೀರಲ್ಲ, ಇದೇನು?"

೫. ಇಳಿಯುವುದು

ನೀರಿಗೆ ಮೂರು ದಿನ ಇರುವಾಗ ಹಾರಾಟ. ಸುದ್ದಿ ಅಥಣಿ, ಕಾಗವಾಡದ ತನಕ ಮುಟ್ಟಿತ್ತು. ಐಗಳಿಯಿಂದಲೇ ಎರಡು ಟ್ರ್ಯಾಕ್ಟರ್ ತುಂಬ ಜನ ಬಂದಿದ್ದರು. ನಾನು ಪಟ್ಟಿಗೆ ಇಪ್ಪತ್ತೈದು ಮೀಟರಿಗೊಂದು ಸುಣ್ಣದ ಗೆರೆ ಎಳೆದಿದ್ದೆ. ನೂರಾ ಎಂಬತ್ತಕ್ಕೆ ಏಳಬೇಕು ಎಂದು ಲೆಕ್ಕ. ಹಗುರವಾಗಲೆಂದು ಟ್ಯಾಂಕಿಗೆ ಸ್ವಲ್ಪವೇ ಪೆಟ್ರೋಲ್ ಹಾಕಿದ್ದೆವು. ಇಪ್ಪತ್ತೆಂಟರ ಪಂಖಾ ಆಗಿದ್ದರೆ ಇಪ್ಪತ್ತು ನಿಮಿಷಕ್ಕೆ ಸಾಕು, ಮೂವತ್ತೆರಡಕ್ಕೆ ಅರ್ಧ ತಾಸು. ಹತ್ತು ನಿಮಿಷ ಹಾರಿ ಇಳಿಯುವುದೆಂದು ಮಾತಾಗಿತ್ತು.

ಕಾಕಾನ ಹೆಂಡತಿ, ನಮ್ಮ ಕಾಕು, ಆರು ವರ್ಷ ಈ ವಿಮಾನದ ಬಗ್ಗೆ ಒಂದು ಮಾತೂ ಆಡಿದವಳಲ್ಲ. ಅಂದು ಮಾತ್ರ ಹತ್ತಿರ ಬಂದು, "ಊಟಕ್ಕ ತಡ ಮಾಡಬ್ಯಾಡ್ರಿ" ಎಂದಳು.

ವಿಮಾನ ಓಡಿತು. ನಾನು ಮಣ್ಣಿನ ಮೇಲೆ ಬೋರಲಾಗಿ ಮಲಗಿ ಚಕ್ರವನ್ನಷ್ಟೇ ನೋಡುತ್ತಿದ್ದೆ. ಏಳನೇ ಗೆರೆ ದಾಟುತ್ತಿದ್ದಂತೆ ಚಕ್ರದ ಕೆಳಗೆ ಬೆಳಕು ಕಂಡಿತು. ನೂರಾ ಎಪ್ಪತ್ತೈದು. ಮತ್ತೆ ಮುಟ್ಟಲಿಲ್ಲ. ಕಬ್ಬಿನ ಮೇಲೆ, ತೆಂಗಿನ ಮೇಲೆ, ಕರೆಂಟಿನ ತಂತಿಗಿಂತ ಎಷ್ಟೋ ಮೇಲೆ. ಕಾಕಾ ಹಾರಿದ.

ಜನ ಕೇಕೆ ಹಾಕಿದರು. ಯಾರೋ ಗುಲಾಲು ಎರಚಿದರು. ಎಲ್ಲರೂ ಪಟ್ಟಿಯ ಮೇಲೆ ಓಡಿ ಬಂದು ಕುಣಿಯತೊಡಗಿದರು.

ಹತ್ತನೇ ನಿಮಿಷಕ್ಕೆ ಕಾಕಾ ಇಳಿಯಲು ಬಂದ. ಪಟ್ಟಿಯ ತುಂಬ ಜನ. ಮೇಲೆ ಎಳೆದುಕೊಂಡು ಹೋದ. ನಮಸ್ಕಾರ ಮಾಡಿ ಹೋದನೆಂದು ಜನ ಸಿಳ್ಳೆ ಹೊಡೆದರು. ಎರಡನೇ ಸಲ ಬಂದು, ಸರಿಯಿರಿ ಎಂದು ಕೈ ಬೀಸಿದ. ಎಲ್ಲರೂ ಕೈ ಬೀಸಿದರು. ನಾನು ಕೆಂಪು ಬಟ್ಟೆ ಹಿಡಿದು ಬೀಸುತ್ತ ಓಡಿದೆ. ಅವರು ಹೆಗಲ ಮೇಲಿನ ಟವೆಲ್ ತೆಗೆದು ಬೀಸಿದರು. ಕೂಗಿದೆ. ಅವರು ಇನ್ನೂ ಜೋರಾಗಿ ಕೂಗಿದರು. ಇಪ್ಪತ್ತನೇ ನಿಮಿಷ ಕಳೆಯಿತು. ಇಪ್ಪತ್ತೆರಡಾಯಿತು. ಮೂವತ್ತೆರಡರ ಪಂಖಾ ಇನ್ನೂ ತಿರುಗುತ್ತಿತ್ತು. ಆ ಇಪ್ಪತ್ತೆರಡಕ್ಕೆ ನಾನು ವಹಿಯಲ್ಲಿ ದುಂಡು ಸುತ್ತಿದ್ದೇನೆ.

ಆಗ ಕಾಕು ಸೆರಗು ಸಿಕ್ಕಿಸಿಕೊಂಡು ಟ್ರಾಲಿಯ ಮೇಲೆ ಹತ್ತಿದಳು. ಎರಡೂ ಕೈ ಬಾಯಿಗೆ ಹಿಡಿದು ಕನ್ನಡ, ಮರಾಠಿ ಎರಡೂ ಭಾಷೆಯಲ್ಲಿ ಕೂಗಿದಳು:

"ಚಹಾ ಆಗೈತಿ ಬರ್ರಿ! ಚಹಾ ಝಾಲಾ, ಯಾ! ಭಜಿನೂ ಅದಾವ!"

ಅರ್ಧ ನಿಮಿಷದಲ್ಲಿ ಪಟ್ಟಿಯ ಮೇಲೆ ಒಬ್ಬರೂ ಇರಲಿಲ್ಲ. ಎಲ್ಲರೂ ಶೆಡ್ಡಿನ ಪಕ್ಕದ ಕಾಕಾನ ಮನೆಯ ಮುಂದೆ ಸಾಲು ಹಚ್ಚಿ ನಿಂತಿದ್ದರು.

ಕಾಕಾ ಇಳಿದ. ಒಮ್ಮೆಯೂ ಪುಟಿಯದೆ, ಹಾಸಿಗೆಯ ಮೇಲೆ ಕೂತಂತೆ ಇಳಿದ. ನೋಡಿದವಳು ನಾನೊಬ್ಬಳೇ. ಕಣ್ಣಲ್ಲಿ ನೀರು ತುಂಬಿಕೊಂಡು ಮನೆಯ ಕಡೆ ನಡೆದು ಬಂದ. ಎದುರಿಗೆ ಸಿಕ್ಕಿದ್ದು ನೂರಾರು ಜನರ ಬೆನ್ನು.

"ಏನ್ರೆಪಾ! ಆರ ವರ್ಷ ದುಡದೀನಿ. ನಾ ಇಳ್ಯೂದ ಒಬ್ಬರೂ ನೋಡಲಿಲ್ಲ?"

ಸಾಲಿನಲ್ಲಿದ್ದ ಹಿರಿಯರೊಬ್ಬರು ತಿರುಗದೆಯೇ ಹೇಳಿದರು: "ಚಹಾ ಕುಡದ ನೋಡ್ತೀವಿ ತಡೀರಿ. ಸಾಲ ಬಿಟ್ರ ಹಿಂದಿನಾಂವ ಮುಂದ ಬರ್ತಾನ."

ಕಾಕು ಒಳಗಿನಿಂದ ಬಂದು ಕಾಕಾನ ತೋಳು ಹಿಡಿದು ಮೂಲೆಗೆ ಕರೆದೊಯ್ದಳು. ಈಗಲಾದರೂ ಒಂದು ಒಳ್ಳೆಯ ಮಾತು ಹೇಳುತ್ತಾಳೆಂದು ಕಾಕಾ ಮುಖ ಅರಳಿಸಿಕೊಂಡು ನಿಂತ. ಕಾಕು ದನಿ ತಗ್ಗಿಸಿ ಹೇಳಿದಳು:

"ಲಗೂನ ಪೆಟ್ರೋಲ್ ಹಾಕ್ಕೊಂಡ ಇನ್ನೊಮ್ಮೆ ಹಾರಿ ಇವರನ್ನ ಹೊಲಕ್ಕ ಎಳಕೊಂಡ ಹೋಗ್ರಿ. ನಾ ಇನ್ನೂ ಒಲೀನ ಹಚ್ಚಿಲ್ಲ."