ನಮ್ಮಣ್ಣನ ಶಾಲಿನ ಟ್ರಂಕು

ದಿಲ್ಲಿಯಲ್ಲಿ ಮಂತ್ರಿಯಾಗಿದ್ದಷ್ಟು ಕಾಲ ನಮ್ಮಣ್ಣ ವಿರೋಧ ಪಕ್ಷದವರಿಗೆ ಹೆದರಲಿಲ್ಲ, ಪತ್ರಿಕೆಯವರಿಗೆ ಹೆದರಲಿಲ್ಲ. ಅವನು ಹೆದರಿದ್ದು ಒಂದಕ್ಕೇ: ಶಾಲಿಗೆ! ಯಾರಾದರೂ ಶಾಲು ಹಿಡಿದು ವೇದಿಕೆ ಹತ್ತಿದರೆ ಸಾಕು, ಹಾವು ಕಂಡವನಂತೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ.

ಯಾಕೆ ಅಂತೀರಾ? ಹೇಳುತ್ತೇನೆ. ಹೇಳುವಾಗ ನನ್ನದೊಂದು ತಪ್ಪನ್ನೂ ಹೇಳಬೇಕಾಗುತ್ತದೆ. ಅದನ್ನು ಆದಷ್ಟು ಕೆಳಗೆ ತಳ್ಳುತ್ತೇನೆ, ಕ್ಷಮಿಸಿ.

ನಮ್ಮದು ರಾಯದುರ್ಗದ ಕಡೆಯ ಕುರಿ ಸಾಕುವ ಮನೆ. ಅಣ್ಣನನ್ನು ಚಿಕ್ಕಂದಿನಲ್ಲೇ ಸೋದರಮಾವನ ಊರಿನ ತೆಲುಗು ಶಾಲೆಗೆ ಸೇರಿಸಿದರು. ನಾನು ನಮ್ಮೂರಿನ ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿ ಕುರಿಗಳ ಹಿಂದೆ ಹೋದೆ. ಹೀಗೆ ಒಂದೇ ತಾಯಿಯ ಮಕ್ಕಳು ಒಂದೇ ಭಾಷೆಯಲ್ಲಿ ಜಗಳವಾಡುತ್ತ ಬೆಳೆದರೂ ಅವನಿಗೆ ಕನ್ನಡ ಬರೆಯಲು ಬಾರದು, ನನಗೆ ತೆಲುಗು ಓದಲು ಬಾರದು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ನನ್ನನ್ನು ಮಡಕಶಿರಾಕ್ಕೆ ಮದುವೆ ಮಾಡಿ ಕೊಟ್ಟರು. ಅಣ್ಣನೂ ರಾಜಕೀಯ ಮಾಡುತ್ತ ಮಾಡುತ್ತ ಇದೇ ಕಡೆ ಬಂದು, ಇಲ್ಲೇ ನಿಂತು, ಲೋಕಸಭೆಗೆ ಗೆದ್ದೇಬಿಟ್ಟ! ಗೆದ್ದವನು ಮೊದಲು ಮಾಡಿದ್ದೇನು? ರಾಯದುರ್ಗದ ಕಡೆಯ ಭೈರವಾನಿತಿಪ್ಪ ಡ್ಯಾಮಿಗೆ ಹೋಗಿ, ಬಿರುಕು ಬಿಟ್ಟ ತಳದಿಂದ ಒಂದು ಒಣ ಹೆಂಟೆ ಎತ್ತಿ, ಟವೆಲ್ಲಿನಲ್ಲಿ ಸುತ್ತಿಕೊಂಡು ದಿಲ್ಲಿಗೆ ಹೋದದ್ದು. ಪಾರ್ಲಿಮೆಂಟಿನ ಬಾಗಿಲಲ್ಲಿ ಪೊಲೀಸರು ತಡೆದು, ಇದೇನು ಎಂದು ಕೇಳಿದರಂತೆ.

"ಇದು ನಮ್ಮ ಡ್ಯಾಮಿನ ನೀರು" ಎಂದನಂತೆ ಅಣ್ಣ.

ನೀರನ್ನು ಹೊರಗಿಡಿಸಿಕೊಂಡು ಅವನನ್ನು ಒಳಗೆ ಬಿಟ್ಟರು. ಸುದ್ದಿ ಕೇಳಿ ಮಡಕಶಿರಾದ ನಮ್ಮ ಮಾವನವರಿಗೆ ಸಿಟ್ಟು ಬಂತು. "ಗೆಲ್ಸಿದ್ದು ನಾವು, ನೀರು ಕೇಳಿದ್ದು ರಾಯದುರ್ಗದೋರಿಗಾ? ಚೆನ್ನಾಗೈತೆ ಕಣಮ್ಮ ನಿಮ್ಮಣ್ಣನ ನ್ಯಾಯ!"

ಎರಡನೇ ಸಲ ಗೆದ್ದಾಗ ಮಂತ್ರಿಯಾದ. ಯಾವ ಖಾತೆ ಎಂದು ಕೇಳಬೇಡಿ; ಅದರ ಹೆಸರು ಹೇಳಲು ನನಗೆ ಈಗಲೂ ನಾಲಿಗೆ ಹೊರಳುವುದಿಲ್ಲ. ಪ್ರಮಾಣವಚನದ ದಿನ ಅವನಿಗೂ ಹೊರಳಿರಲಿಲ್ಲ. ಊರಿಗೆ ಬಂದು ಅವ್ವನ ಕಾಲಿಗೆ ಬಿದ್ದ.

"ಏನಪ್ಪಾ, ಕುರಿ ಇಲಾಖೆ ಏನು?" ಅಂದಳು ಅವ್ವ.

"ಅಲ್ಲಬೇ ಯವ್ವಾ."

"ಮತ್ತ ಯಾಕ ತಗೊಂಡಿ?"

ಈಗ ಶಾಲಿನ ವಿಷಯ. ನಮ್ಮ ಕಡೆ ಬರಿಗೈಯಲ್ಲಿ ಮಂತ್ರಿಯನ್ನು ನೋಡಲು ಯಾರೂ ಹೋಗುವುದಿಲ್ಲ. ಮೊದಲು ಶಾಲು ಹೊದಿಸಬೇಕು, ಆಮೇಲೆ ಕೆಲಸ ಹೇಳಬೇಕು. ಬೇರೆ ಮಂತ್ರಿಗಳು ಆ ಶಾಲನ್ನು ಪಕ್ಕದವನ ಕೈಗೆ ಕೊಟ್ಟು ಮರೆಯುತ್ತಾರೆ. ನಮ್ಮಣ್ಣ ಮಾತ್ರ ಅಲ್ಲೇ ಜೇಬಿನಿಂದ ಚೀಟಿ ತೆಗೆದು, ತೆಲುಗಿನಲ್ಲಿ ಹೆಸರು, ಊರು, ಏನು ಕೇಳಿದರು ಎಂದು ಬರೆದು ಶಾಲಿಗೆ ಗುಂಡುಪಿನ್ನು ಚುಚ್ಚುತ್ತಿದ್ದ. ಕೆಲಸ ಆದ ದಿನ ಅದೇ ಶಾಲನ್ನು ಅದೇ ಮನುಷ್ಯನಿಗೆ ತಿರುಗಿ ಹೊದಿಸಬೇಕು! ಇದು ಅವನ ವ್ರತ. ಶಾಲು ಕಂಡರೆ ಯಾಕೆ ಹೆದರುತ್ತಿದ್ದ ಎಂದು ಈಗ ತಿಳಿಯಿತಲ್ಲ?

"ಈ ಮನ್ಯಾಗ ಶಾಲರ ಇರಬೇಕು, ನಾನರ ಇರಬೇಕು" ಎಂದು ಅತ್ತಿಗೆ ಹಟ ಹಿಡಿದ ಮೇಲೆ ದೊಡ್ಡದೊಂದು ಕಬ್ಬಿಣದ ಟ್ರಂಕು ನಮ್ಮ ಮನೆಗೆ ಬಂತು.

"ಫೋನ್ ಮಾಡಿ ಊರು ಹೇಳ್ತೀನಿ. ಚೀಟಿ ನೋಡಿ ಶಾಲು ತೆಗೆದು ಕೊಡು. ತೆಲುಗು ಓದ್ತೀ ಹೌದಿಲ್ಲ?" ಎಂದು ಕೇಳಿದ ಅಣ್ಣ.

ಎದುರಿಗೆ ಅವನ ಪಿ.ಎ. ಇದ್ದ, ನಮ್ಮ ಮಾವನವರಿದ್ದರು. "ಓಹೋ, ಯಾಕ ಓದಂಗಿಲ್ಲ? ಪಟಪಟ ಓದ್ತೀನಿ" ಅಂದೆ.

ತೆಲುಗು ಅಕ್ಷರಗಳು ಮಹಾ ಮೋಸದವು. ಅರ್ಧ ನಮ್ಮ ಕನ್ನಡದವೇ ಎಂಬಂತೆ ನಗುತ್ತವೆ, ಉಳಿದರ್ಧ ಗುರುತೇ ಇಲ್ಲದವರಂತೆ ಮುಖ ತಿರುಗಿಸುತ್ತವೆ. ಅದರ ಮೇಲೆ ಮಂತ್ರಿಯ ಕೈಬರಹ! ಶಾಲು ತಂದಿಡುವಾಗ ಅಣ್ಣ ಇದು ಯಾರದು, ಏನು ಕೇಳಿದರು ಎಂದು ಬಾಯಲ್ಲೂ ಹೇಳುತ್ತಿದ್ದ; ನಾನು ಬಣ್ಣ ನೋಡಿ ನೆನಪಿಟ್ಟುಕೊಂಡೆ. ಹಸಿರು ಅಂಚು ಅಗಳಿ ಊರಿನ ಮೇಷ್ಟ್ರದು, ಬ್ಯಾಂಕು ಬೇಕು. ಕಂದು ಬಣ್ಣದ್ದು ರೊಳ್ಳದ ರೈತನದು, ಬಸ್ಸು ಬೇಕು. ಮೂರು ವರ್ಷ ಒಂದೂ ತಪ್ಪಲಿಲ್ಲ. ಅಣ್ಣ ಪಿ.ಎ.ಗೆ, "ನೋಡಪ್ಪಾ, ನಾಲ್ಕನೇ ಕ್ಲಾಸು! ನೀನು ಎಂ.ಎ." ಎಂದು ಬೈಯುತ್ತಿದ್ದ. ನಾನು ತಲೆ ತಗ್ಗಿಸಿ ನಗುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಶಾಲುಗಳಿಗೆ ನುಸಿ ಹಿಡಿಯಿತು. ಚೀಟಿಗಳನ್ನು ಬಿಚ್ಚಿ ಮಡಕೆ ಮುಚ್ಚಳದಡಿ ಇಟ್ಟು, ಶಾಲುಗಳನ್ನು ಒಗೆದು ಮಾಳಿಗೆಯ ಮೇಲೆ ಹರವಿದೆ. ಸಂಜೆ ನೋಡಿದರೆ ಅರ್ಧ ಶಾಲುಗಳ ಬಣ್ಣ ಇನ್ನರ್ಧಕ್ಕೆ ಹತ್ತಿತ್ತು! ಎಲ್ಲ ಒಂದೇ ತರಹದ ತಿಳಿ ಸಾರಿನ ಬಣ್ಣ. ಯಾರನ್ನಾದರೂ ಕರೆದು ಚೀಟಿ ಓದಿಸಬಹುದಿತ್ತು. ಪಟಪಟ ಓದುವವಳಿಗೆ ಅದು ಅವಮಾನ ಅಲ್ಲವೇ? ಅಂದಾಜಿನ ಮೇಲೆ ಚುಚ್ಚಿದೆ.

ಮುಂದಿನ ತಿಂಗಳೇ ಅಗಳಿಯಲ್ಲಿ ಬ್ಯಾಂಕಿನ ಉದ್ಘಾಟನೆ. ಅಣ್ಣ ಫೋನ್ ಮಾಡಿದಾಗ, ಮೇಷ್ಟ್ರದಿರಬೇಕು ಎಂದು ಅಂದಾಜಿನ ಮೇಲೇ ಒಂದು ಶಾಲು ತೆಗೆದು ಕೊಟ್ಟೆ. ಅಣ್ಣ ಮೇಷ್ಟ್ರನ್ನು ವೇದಿಕೆಗೆ ಕರೆದು, "ನೀವು ಹೊದಿಸಿದ ಶಾಲು, ನಿಮಗೇ" ಎಂದು ಹೊದಿಸಿದ. ಚಪ್ಪಾಳೆಯ ನಡುವೆ ಒಬ್ಬ ಎದ್ದು ನಿಂತ.

"ಸಾರ್, ಅದು ನಂದು! ಮೂಲೆಯಾಗೆ ನನ್ನೆಂಡ್ತಿ ಕೆಂಪು ದಾರದಾಗೆ ಗಂಟು ಹಾಕವ್ಳೆ, ನೋಡಿ!"

ನೋಡಿದರು. ಗಂಟು ಇತ್ತು. ಅವನೇ ರೊಳ್ಳದ ರೈತ.

"ನಮ್ಮೂರಿಗೆ ಬಸ್ಸೂ ಇಲ್ಲ, ಈಗ ಶಾಲೂ ಇಲ್ವಾ ಸಾರ್?"

ಜನ ಬಿದ್ದು ಬಿದ್ದು ನಕ್ಕರು. ಅಣ್ಣ ಮೈಕಿನಲ್ಲಿ, "ಚೀಟಿ ನಾನೇ ತಪ್ಪು ಬರೆದಿದ್ದೆ, ಕ್ಷಮಿಸಿ" ಎಂದ. ನಾನು ಹೆಂಗಸರ ಸಾಲಿನಲ್ಲಿ ಕೂತು ಸೆರಗು ಸರಿಮಾಡಿಕೊಂಡೆ. ಎದ್ದು ನಿಲ್ಲಲಿಲ್ಲ.

ಆ ಸಲದ ಚುನಾವಣೆಯಲ್ಲಿ ಎದುರಾಳಿ ಭಾಷಣವನ್ನೇ ಮಾಡಲಿಲ್ಲ. ಊರೂರಿಗೆ ಹೋಗಿ, "ನಿಮ್ಮ ಶಾಲು ಯಾರ ಮೈ ಮೇಲಿದೆ, ವಿಚಾರಿಸಿಕೊಂಡಿರಾ?" ಎಂದು ಕೇಳಿ ಕೈಮುಗಿದು ಹೊರಡುತ್ತಿದ್ದ. ಅಣ್ಣ ಸೋತ. ಸೋಲಿಗೆ ನೂರು ಕಾರಣ ಎಂದು ಪಕ್ಷದವರು ಹೇಳಿದರು. ಒಂದೇ ಕಾರಣ ಎಂದು ನನಗೆ ಗೊತ್ತಿತ್ತು, ಅದು ನಮ್ಮ ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿತ್ತು.

ಸೋತ ಹದಿನೈದು ದಿನಕ್ಕೆ ಅಣ್ಣ ಸರ್ಕಾರಿ ಬಸ್ಸಿನಲ್ಲಿ ಬಂದಿಳಿದ. ಟ್ರಂಕು ತೆರೆಸಿದ. "ಆಗದ ಕೆಲಸದ ಶಾಲು ನನ್ನತ್ರ ಯಾಕ? ಮನಿಮನಿಗೆ ಹೋಗಿ ಕೊಟ್ಟು, ಆಗಲಿಲ್ಲ ಅಂತ ಹೇಳಿ ಬರ್ತೀನಿ. ಕನ್ನಡಕ ಮರೆತು ಬಂದೀನಿ. ನೀನು ಓದು" ಎಂದು ಚೀಟಿ ನನ್ನ ಕೈಗಿಟ್ಟ.

ಚೀಟಿ ನೋಡಿದೆ. ಅಕ್ಷರಗಳು ನಕ್ಕವು.

"ಅಣ್ಣಾ, ನನಗ ತೆಲುಗು ಬರಂಗಿಲ್ಲ. ಅಗಳ್ಯಾಗ ನಿನ್ನ ಮಾನ ಕಳದಾಕಿ ನಾನ."

"ಗೊತ್ತೈತಿ."

"ಯಾವಾಗಿಂದ?"

"ಪಟಪಟ ಓದ್ತೀನಿ ಅಂದ ದಿನದಿಂದ."

"ಗೊತ್ತಿದ್ದೂ ನನ್ನ ಕೈಗೆ ಯಾಕ ಕೊಟ್ಟಿ?"

ಅವನು ಟ್ರಂಕಿನೊಳಗೆ ತಲೆ ಹಾಕಿಕೊಂಡೇ ಹೇಳಿದ: "ಹಂಗ ಅಂದಾಗ ನಿನ್ನ ಮುಖ ನೋಡಿದ್ನಲ್ಲ ತಂಗೀ. ಇಲ್ಲ ಅನ್ನಾಕ ಬಾಯಿ ಬರಲಿಲ್ಲ."

ಎಲ್ಲಕ್ಕಿಂತ ಕೆಳಗೆ ಒಂದು ಕರಿ ಕಂಬಳಿ ಇತ್ತು. ಅವನು ಮೊದಲ ಸಲ ಗೆದ್ದಾಗ ನಾನು ಹೊದಿಸಿದ್ದು. ಅದಕ್ಕೊಂದಕ್ಕೆ ಚೀಟಿಯಿರಲಿಲ್ಲ. ಅಣ್ಣ ಜೇಬಿನಿಂದ ಚೀಟಿ ತೆಗೆದು, ಕನ್ನಡಕವಿಲ್ಲದೆಯೇ ಏನೋ ಬರೆದು ಕಂಬಳಿಗೆ ಚುಚ್ಚಿದ.

"ಏನು ಬರದಿ?"

"ನೀನ ಓದಿ ಹೇಳು."

ಅಂದಿನಿಂದ ಪ್ರತಿ ಭಾನುವಾರ ಮಾಜಿ ಮಂತ್ರಿಗಳು ಮಡಕಶಿರಾ ಬಸ್ ಸ್ಟ್ಯಾಂಡಿನಲ್ಲಿ ನಿಂತು, ತಲೆ ನೆರೆತ ತಂಗಿಯಿಂದ ಬಸ್ಸಿನ ತೆಲುಗು ಬೋರ್ಡುಗಳನ್ನು ಓದಿಸಿದರು. ಕಂಡಕ್ಟರುಗಳು ಬಸ್ಸು ನಿಲ್ಲಿಸಿ, "ಅಮ್ಮ ಓದ್ಲಿ, ತಡೀರಿ" ಎಂದು ಕಾಯುತ್ತಿದ್ದರು.

ಓದು ಕಲಿಯಲು ನನಗೆ ಒಂದು ಮಳೆಗಾಲ ಹಿಡಿಯಿತು. ಮೊನ್ನೆ ಟ್ರಂಕು ತೆರೆದು ಆ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಕ್ಷರ ಅಕ್ಷರ ಕೂಡಿಸಿ ಓದಿದೆ.

ಹೆಸರು: ತಂಗಿ. ಊರು: ಮಡಕಶಿರಾ. ಕೇಳಿದ್ದು: ಇವತ್ತಿನವರೆಗೆ ಏನೂ ಇಲ್ಲ.