ಚಿಕ್ಕಪ್ಪನ ಲಗ್ನಪತ್ರಿಕೆಯ ಅವತಾರಗಳು

ನಮ್ಮ ಚಿಕ್ಕಪ್ಪನಿಗೆ ಕಿರಿಮಗಳಿಗೆ ಗಂಡು ಹುಡುಕಲು ಒಂದು ವಾರ ಸಾಕಾಯಿತು. ಅವಳ ಮದುವೆ ಕಾಗದ ಬರೆಸಲು ಒಂದು ತಿಂಗಳು ಸಾಲಲಿಲ್ಲ. ಹುಡುಗಿ ಹುಡುಗನನ್ನು ಒಂದೇ ಸಲ ನೋಡಿ ಒಪ್ಪಿಕೊಂಡಳು. ಕಾಗದವನ್ನು ಮಾತ್ರ ನಮ್ಮ ವಂಶವೆಲ್ಲ ನೋಡಬೇಕಿತ್ತು, ತಿದ್ದಬೇಕಿತ್ತು, ಕೊನೆಗೆ ಒಬ್ಬೊಬ್ಬರೂ ವಾಟ್ಸಾಪ್ ಗುಂಪಿನಲ್ಲಿ ‘ಸರಿ’ ಎಂದು ಹೇಳಬೇಕಿತ್ತು. ಇಂಥ ಕಾನೂನು ಯಾವ ಊರಿನಲ್ಲಾದರೂ ಇದೆಯೇ? ಹನಗೋಡಿನ ನಮ್ಮ ಚಿಕ್ಕಪ್ಪನ ಮನೆಯಲ್ಲಿದೆ.

ಕಾರಣವಿಲ್ಲದೆ ಬಂದ ಕಾನೂನಲ್ಲ. ಹಿರಿಮಗಳ ಮದುವೆ ಕಾಗದದಲ್ಲಿ, ಸುಖಾಗಮನ ಬಯಸುವವರ ಸಾಲಿನಲ್ಲಿ, ಎಚ್.ಡಿ. ಕೋಟೆಯ ಭಾವನ ಹೆಸರು ಬಿಟ್ಟುಹೋಗಿತ್ತು. ಭಾವ ಮದುವೆಗೇನೋ ಬಂದರು. ಚಪ್ಪರದ ಹೊರಗೆ ಕುರ್ಚಿ ಹಾಕಿಸಿಕೊಂಡು, “ನಾನು ಯಾರ ಸುಖಾಗಮನಾನೂ ಬಯಸ್ನಿಲ್ವಂತೆ, ನಂಗ್ಯಾಕೆ ಊಟ” ಎಂದು ಕೂತುಬಿಟ್ಟರು. ಮಾರನೆಯ ದಿನ ಬೀಗರೂಟದ ಬಾಡೂಟಕ್ಕೆ ಮಾತ್ರ ಕರೆಯದೆಯೇ ಬಂದರು, ಅದು ಬೇರೆ ವಿಷಯ. ಅಂದಿನಿಂದ ಚಿಕ್ಕಪ್ಪ ಬಾಯಿಮಾತನ್ನು ನಂಬುವುದಿಲ್ಲ.

ಆದರೆ ಎಲ್ಲರ ‘ಸರಿ’ಗಿಂತ ಅವರಿಗೆ ಬೇಕಾಗಿದ್ದದ್ದು ಒಂದು ‘ಸರಿ’. ಅದು ಹಾರನಹಳ್ಳಿಯಲ್ಲಿರುವ ಅವರ ಅಕ್ಕನದು, ನನ್ನ ಸೋದರತ್ತೆಯದು. ಅಜ್ಜಿ ಬೇಗ ತೀರಿಹೋದ್ದರಿಂದ ಚಿಕ್ಕಪ್ಪನನ್ನು ಸೊಂಟದ ಮೇಲೆ ಹೊತ್ತು ಸಾಕಿದವರು ಅತ್ತೆಯೇ. ನಮ್ಮಲ್ಲಿ ಯಾರ ಮದುವೆಯಾದರೂ ಕಾಗದದ ಕರಡನ್ನು ಅವರು ನಡುಮನೆಯಲ್ಲಿ ಕೂತು ಗಟ್ಟಿಯಾಗಿ ಓದಬೇಕು, ನಾಲ್ಕು ಮೂಲೆಗೂ ಅರಿಶಿನ ಹಚ್ಚಬೇಕು, ಆಮೇಲೇ ಅಚ್ಚು. ಈ ಸಲ ಅತ್ತೆ, “ಶುಗರ್ ಜಾಸ್ತಿಯಾಗ್ಬುಟ್ಟದೆ ಕಣ್ಲಾ, ಓಡಾಡಕ್ಕಾಗಲ್ಲ. ಫೋನಿಗೇ ಕಳ್ಸು” ಎಂದರು. ಚಿಕ್ಕಪ್ಪ ಪಿರಿಯಾಪಟ್ಟಣದ ಪ್ರೆಸ್ಸಿಗೆ ಹೋಗಿ, “ಅಕ್ಕ ಹೂಂ ಅನ್ನಗಂಟ ಒಂದು ಕಾಗ್ದಾನೂ ಅಚ್ಚಾಗಬಾರ್ದು” ಎಂದು ಹೇಳಿಬಂದರು.

ಮೊದಲು ಗುಂಪಿಗೆ ಬಂದದ್ದು ಪ್ರೆಸ್ಸಿನ ಅಸಲು ಫೈಲು. ನಕಲು ಕೊಟ್ಟರೆ ಚಿಕ್ಕಪ್ಪ ಕೇಳುತ್ತಾರೆಯೇ? “ಅಸಲೇ ಕೊಡ್ರೀ” ಎಂದು ಈಸಿಕೊಂಡಿದ್ದರು. ಅದು ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಬಿಟ್ಟರೆ ಈ ಭೂಮಿಯ ಮೇಲೆ ಬೇರೆಲ್ಲೂ ತೆರೆಯುವಂಥದ್ದಲ್ಲ. ಕೆ.ಆರ್. ನಗರದಿಂದ ನಾನು ಫೋನ್ ಮಾಡಿ, “ಚಿಕ್ಕಪ್ಪ, ಯಾರಿಗೂ ಓಪನ್ ಆಗ್ತಿಲ್ಲ” ಎಂದೆ. “ಅಸಲಿ ಮಾಲು ಕಣವ್ವ, ಅಷ್ಟು ಸುಲಭವಾಗಿ ಓಪನ್ ಆದದಾ?” ಎಂದರು ಹೆಮ್ಮೆಯಿಂದ.

ಎರಡನೆಯದು ವರ್ಡ್ ಫೈಲು. ಇದು ತೆರೆಯಿತು. ಆದರೆ ಪ್ರೆಸ್ಸಿನವರ ಹಳೇ ಕಾಲದ ಅಕ್ಷರ ನಮ್ಮ ಫೋನುಗಳಲ್ಲಿ ಇರಲಿಲ್ಲವಾಗಿ, ಶ್ರೀ ಗಣೇಶಾಯ ನಮಃ ಎಂಬಲ್ಲಿಂದ ಬೀಗರೂಟದವರೆಗೆ ಬರೀ ಇಂಗ್ಲಿಷ್ ಅಕ್ಷರ, ಪ್ರಶ್ನೆ ಗುರುತು, ಡಾಲರ್ ಗುರುತು. ಮದುವೆ ಗಂಡಿನ ಹೆಸರು ಯಾರದೋ ಬ್ಯಾಂಕಿನ ಪಾಸ್‌ವರ್ಡಿನ ಹಾಗೆ ಕಾಣುತ್ತಿತ್ತು. ಕೋಟೆ ಭಾವ ಮಾತ್ರ ತಕ್ಷಣ ‘ಸರಿ’ ಎಂದರು.

“ಏನ್ ಭಾವ, ಓದುದ್ರಾ?” ಎಂದು ಚಿಕ್ಕಪ್ಪ ಕೇಳಿದರು.

“ನನ್ನೆಸ್ರು ಇರೋ ಜಾಗದಲ್ಲಿ ಒಂದು ನಕ್ಷತ್ರ ಅದೆ. ಚೆನ್ನಾಗದೆ, ಅಂಗೇ ಇರ್ಲಿ ಬುಡಿ.”

ಮೂರನೆಯ ಅವತಾರ ಪಿಡಿಎಫ್. ಅಬ್ಬಾ, ಗೆದ್ದೆವು ಎಂದುಕೊಂಡೆವು. ಕರಡು ಬೀಗರ ಕೈಗೆ ಮೊದಲೇ ಸಿಕ್ಕಿಬಿಟ್ಟರೆ ಎಂಬ ಭಯದಿಂದ ಚಿಕ್ಕಪ್ಪ ಅದಕ್ಕೆ ಬೀಗ ಹಾಕಿಸಿದ್ದರು! ಪಾಸ್‌ವರ್ಡ್ ಏನು? ‘ನಮ್ಮಪ್ಪನ ಗಾಡಿಯ ಎಡಗಡೆ ಎತ್ತಿನ ಹೆಸರು. ಮನೆಯವರಿಗೆ ಗೊತ್ತಿರುತ್ತದೆ’ ಎಂದು ಕೆಳಗೆ ಹಾಕಿಸಿದ್ದರು. ಮನೆಯವರಿಗೆ ಗೊತ್ತಿತ್ತು, ಒಬ್ಬೊಬ್ಬರಿಗೆ ಒಂದೊಂದು ಗೊತ್ತಿತ್ತು. ದೊಡ್ಡಪ್ಪ ಅದು ರಾಮ ಎಂದರು. ಹುಣಸೂರಿನ ಅಣ್ಣ, ರಾಮ ಬಲಗಡೆಯದು, ಎಡಗಡೆಯದು ಕರಿಯ ಎಂದ. ಗುಂಪಿನಲ್ಲಿ ಎರಡು ದಿನ ಮದುವೆಯ ಸುದ್ದಿಯೇ ಇಲ್ಲ, ಬರೀ ಎತ್ತು. ಕೊನೆಗೆ ಚಿಕ್ಕಪ್ಪನನ್ನೇ ಕೇಳಿದರೆ, ಅವರೂ ಮರೆತಿದ್ದರು.

ನಾಲ್ಕನೆಯದು ಫೋಟೊ. ಪ್ರೆಸ್ಸಿನ ಕಂಪ್ಯೂಟರ್ ಪರದೆಯ ಮುಂದೆ ನಿಂತು ಚಿಕ್ಕಪ್ಪನೇ ತೆಗೆದದ್ದು. ಅದರಲ್ಲಿ ಅವರ ಹೊಟ್ಟೆಯ ನೆರಳೂ ಇತ್ತು, ಪ್ರೆಸ್ಸಿನ ಟ್ಯೂಬ್‌ಲೈಟಿನ ಹೊಳಪೂ ಇತ್ತು. ಹೊಳಪು ಬಿದ್ದ ಜಾಗದಲ್ಲಿ ಹುಣಸೂರಿನವರ ಹೆಸರುಗಳೆಲ್ಲ ಮಾಯ. “ಲೈಟು ಕರೆಕ್ಟಾಗಿ ನಮ್ ಕಡೆಯೋರ ಮ್ಯಾಲೇ ಬೀಳ್ಬೇಕಿತ್ತಾ ಚಿಕ್ಕಪ್ಪ?” ಎಂದು ಹುಣಸೂರಿನ ಅಣ್ಣ ಕೇಳಿದ. ಅವನನ್ನು ಸಮಾಧಾನ ಮಾಡಲು ಪ್ರೆಸ್ಸಿನ ಟ್ಯೂಬ್‌ಲೈಟ್ ಆರಿಸಿ ಇನ್ನೊಂದು ಫೋಟೊ ತೆಗೆಯಬೇಕಾಯಿತು.

ಅದನ್ನು ನೋಡಿ ಎಲ್ಲರೂ ‘ಸರಿ’ ಎಂದರು. ಅತ್ತೆ ಮಾತ್ರ ಏನೂ ಅನ್ನಲಿಲ್ಲ. ಚಿಕ್ಕಪ್ಪ ಫೋನ್ ಮಾಡಿದರೆ, “ಆಯ್ತು ಬುಡ್ಲಾ, ಎಂಗಾದ್ರೂ ಮಾಡ್ಕೋ” ಎಂದು ಇಟ್ಟುಬಿಟ್ಟರಂತೆ. ನಮ್ಮ ವಂಶದಲ್ಲಿ ಇದಕ್ಕಿಂತ ಭಯಂಕರವಾದ ಮಾತು ಇನ್ನೊಂದಿಲ್ಲ. ಅತ್ತೆಗೆ ಕೋಪ ಬಂದಿದೆ! ಯಾಕೆ? ಇನ್ಯಾಕೆ, ಹೆಸರಿನ ಸ್ಥಾನಕ್ಕೆ! ನಮ್ಮವರಿಗೆ ಬೇರೆ ಕಾರಣ ಹೊಳೆಯುವುದೇ ಇಲ್ಲ. ಕೋಪಗೊಂಡ ಅಕ್ಕನೆದುರು ಹೋಗಿ ನಿಲ್ಲುವ ಧೈರ್ಯ ಚಿಕ್ಕಪ್ಪನಿಗಿರಲಿಲ್ಲ. ಹೆಸರನ್ನು ಸಾಲಿನ ಮಧ್ಯದಿಂದ ಮೊದಲಿಗೆ ತಂದರು. ಉತ್ತರವಿಲ್ಲ. ಬಂಗಾರದ ಬಣ್ಣ ಹಾಕಿಸಿದರು. ಉತ್ತರವಿಲ್ಲ. ಪ್ರತ್ಯೇಕ ಸಾಲು ಮಾಡಿಸಿ, ದೊಡ್ಡದು ಮಾಡಿಸಿ, ಇನ್ನೂ ದೊಡ್ಡದು ಮಾಡಿಸಿದರು.

“ಯಜಮಾನ್ರೇ,” ಎಂದರು ಪ್ರೆಸ್ಸಿನವರು, “ಇನ್ನೂ ದೊಡ್ದು ಮಾಡುದ್ರೆ ಜನ ಈಯಮ್ಮಂಗೇ ಮದ್ವೆ ಅನ್ಕತಾರೆ.”

ಕೊನೆಯ ಅಸ್ತ್ರವಾಗಿ ವಿಡಿಯೊ ಬಂತು. ನಾದಸ್ವರ ಊದುತ್ತದೆ, ಮಲ್ಲಿಗೆ ಹೂವು ಸುರಿಯುತ್ತದೆ, ಒಂದೊಂದು ಹೆಸರೂ ಹಾರಿ ಬಂದು, ಓದುವಷ್ಟರಲ್ಲಿ ಹಾರಿಹೋಗುತ್ತದೆ. ಅತ್ತೆಯ ಹೆಸರು ಎರಡು ಸಲ ಹಾರಿತು. ಅದಕ್ಕೂ ಉತ್ತರವಿಲ್ಲ. ಪ್ರೆಸ್ಸಿನವರು, “ನಾಳೆ ಅಚ್ಚಿಗೆ ಹಾಕ್ಲಿಲ್ಲ ಅಂದ್ರೆ ಮದ್ವೆ ಮುಗುದ ಮೇಲೆ ಕೊಡ್ಬೇಕಾಯ್ತದೆ” ಎಂದುಬಿಟ್ಟರು. ಚಿಕ್ಕಪ್ಪ ಪ್ರೆಸ್ಸಿನ ಮೆಟ್ಟಿಲ ಮೇಲೆ ಕೂತು ನನಗೆ ಫೋನ್ ಮಾಡಿ, “ಅಕ್ಕ ಒಪ್ಪುನಿಲ್ಲ ಅಂದ್ಮೇಲೆ ಎಂಗವ್ವ ಮದ್ವೆ ಮಾಡ್ಲಿ?” ಎಂದರು. ಆ ದನಿ ಕೇಳಿ ನನಗೂ ನಗು ನಿಂತುಹೋಯಿತು.

ಮತ್ತೊಂದು ಫೈಲು ಕಳಿಸೋಣವೆಂದರೆ ವಿಡಿಯೊ ನುಂಗಿದ ಫೋನಿನಲ್ಲಿ ಜಾಗವೇ ಇರಲಿಲ್ಲ. ಬೇರೆ ದಾರಿ ಕಾಣದೆ ಚಿಕ್ಕಪ್ಪ ಅಲ್ಲೇ ಮೆಟ್ಟಿಲ ಮೇಲೆ, ಒಂದೇ ಬೆರಳಿನಲ್ಲಿ, ಕಡೆಯ ಕರಡನ್ನು ಮುಂದಿಟ್ಟುಕೊಂಡು ಗುಂಪಿನಲ್ಲೇ ಟೈಪ್ ಮಾಡಿದರು. ಬಂಗಾರವಿಲ್ಲ, ಹೂವಿಲ್ಲ. ಒಂದರ ಕೆಳಗೊಂದು ಬರೀ ಅಕ್ಷರ.

ನಾನು ಕುಡಿಯುತ್ತಿದ್ದ ಟೀ ಮುಗಿಯುವ ಮೊದಲೇ ಗುಂಪಿಗೆ ಅತ್ತೆಯ ದನಿ ಬಂತು.

“ಈಗ್ ಕೇಳುಸ್ತು ಕಣ್ಲಾ. ನೀನು ಏನ್ ಕಳ್ಸುದ್ರೂ ಈ ಫೋನು ಫೋಟೊ ಅಂತಿತ್ತು, ಫೈಲು ಅಂತಿತ್ತು, ಸುಮ್ಕಾಯ್ತಿತ್ತು. ನಂಗೆ ಕಣ್ಣು ಕಾಣುಸ್ತಿಲ್ಲ ಕಣೋ ಈಚೀಚೆಗೆ. ಮದ್ವೆ ಮನೇಲಿ ಯಾಕೇಳ್ಲಿ ಅಂತ ಸುಮ್ಕಿದ್ದೆ. ಬರ್ದಿದ್ದ ಗಟ್ಟಿಯಾಗಿ ಓದೋ ಅಂಗೆ ಸೊಸೆ ಫೋನ್ನ ಮಾಡ್ಕೊಟ್ಟವ್ಳೆ. ಎಲ್ಲಾ ಕೇಳ್ದೆ, ಚೆನ್ನಾಗದೆ. ಆದ್ರೆ ಮದ್ವೆ ಎಲ್ಲಿ ಅಂತ್ಲೇ ಇಲ್ವಲ್ಲೋ. ಜನ ಎಲ್ಗೆ ಬರ್ಬೇಕು?”

ಹೌದಲ್ಲ! ಅತ್ತೆಯ ಹೆಸರು ದೊಡ್ಡದಾದ ಹಾಗೆಲ್ಲ ಜಾಗ ಸಾಲದೆ, ಕಲ್ಯಾಣ ಮಂಟಪದ ಸಾಲು ಎಲ್ಲೋ ಉದುರಿಹೋಗಿತ್ತು. ಬಂದ ಒಂದೊಂದು ಕರಡಿಗೂ ನಾವೆಲ್ಲ ನಮ್ಮ ನಮ್ಮ ಹೆಸರು ಮಾತ್ರ ಹುಡುಕಿ ಮತ್ತೆ ಮತ್ತೆ ‘ಸರಿ’ ಎಂದಿದ್ದೆವು. ಅತ್ತೆಯ ಹೆಸರು ಹಳೇ ಜಾಗಕ್ಕೆ, ಹಳೇ ಅಳತೆಗೆ ಮರಳಿತು, ಮಂಟಪದ ಸಾಲೂ ಬಂತು. ಚಿಕ್ಕಪ್ಪ ಕರಡು ಹಿಡಿದುಕೊಂಡು ನೇರ ಹಾರನಹಳ್ಳಿಗೆ ಹೋದರು. ಅತ್ತೆ ತಡವಿ ತಡವಿ ನಾಲ್ಕು ಮೂಲೆಗೂ ಅರಿಶಿನ ಹಚ್ಚಿಕೊಟ್ಟರು.

ಮದುವೆ ಚೆನ್ನಾಗಿಯೇ ಆಯಿತು. ಮರುದಿನ ಗುಂಪಿಗೆ ಫೋಟೊಗಳ ಪ್ರವಾಹ. ನಾವು ನಮ್ಮ ನಮ್ಮ ಮುಖ ಹುಡುಕುತ್ತಿದ್ದರೆ, ಚಿಕ್ಕಪ್ಪ ಒಂದೊಂದು ಫೋಟೊದ ಕೆಳಗೂ ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ‘ಅಕ್ಕ, ಇದು ಚಪ್ಪರ, ಮಾವಿನ ಸೊಪ್ಪು ಕಟ್ಟವ್ರೆ.’ ‘ಅಕ್ಕ, ಇದು ಕೋಟೆ ಭಾವ, ಎಲೆ ಮುಂದೆ ಕೂತವ್ರೆ.’ ಆಮೇಲೆ ಧಾರೆಯ ಫೋಟೊ: ‘ಅಕ್ಕ, ಇದ್ರಲ್ಲಿ ನೀನು ಮಗೀಗೆ ಅಕ್ಷತೆ ಆಕ್ತಾ ಇದ್ದೀಯ. ನಗ್ತಾ ಇದ್ದೀಯ.’

ಅತ್ತೆಯ ದನಿ ಬಂತು: “ಅದು ನಂಗೊತ್ತಿಲ್ವೇನ್ಲಾ, ನಕ್ಕೋಳು ನಾನೇ ತಾನೆ. ಪಕ್ಕದಲ್ಲಿ ನೀನು ಎಂಗಿದ್ದೀಯ, ಅದ ಬರಿ.”

ಚಿಕ್ಕಪ್ಪ ಬಹಳ ಹೊತ್ತು ಟೈಪ್ ಮಾಡಿದರು. ಕೊನೆಗೆ ಬಂದದ್ದು ಇಷ್ಟೇ: ‘ನಾನೂ ನಗ್ತಾ ಇವ್ನಿ ಅಕ್ಕ.’

ಫೋಟೊದಲ್ಲಿ ಚಿಕ್ಕಪ್ಪ ಹೊಸ ಶಲ್ಯವನ್ನು ಎರಡೂ ಕೈಯಿಂದ ಕಣ್ಣಿಗೆ ಒತ್ತಿಕೊಂಡು ನಿಂತಿದ್ದರು. ತಿದ್ದುವುದಕ್ಕೆಂದೇ ಹುಟ್ಟಿದ ನಮ್ಮ ಗುಂಪಿನಲ್ಲಿ ಅಂದು ಯಾರೂ ತಿದ್ದಲಿಲ್ಲ. ಮೊದಲು ಕೋಟೆ ಭಾವ ‘ಸರಿ’ ಎಂದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ‘ಸರಿ’ ಎಂದೆವು.