ಕೈನೂಲಿನ ಗಂಟೂ ನನ್ನ ನೇಲ್ ಕಟ್ಟರೂ

ನನಗೆ ಎರಡು ಕಾಯಿಲೆಗಳಿವೆ. ಯಾರಾದರೂ ಮಾತಾಡುವುದನ್ನು ಕೇಳಿದರೆ ಬಾಯಿ ಸುಮ್ಮನಿರುವುದಿಲ್ಲ, ಹಾಗೇ ಮಾತಾಡಿ ತೋರಿಸುತ್ತದೆ. ಬಟ್ಟೆಯ ಮೇಲೆ ದಾರದ ತುಣುಕು ಕಂಡರೆ ಕೈ ಸುಮ್ಮನಿರುವುದಿಲ್ಲ, ಕಿತ್ತು ಹಾಕುತ್ತದೆ. ಮೊದಲನೆಯದರಿಂದ ನಮ್ಮ ಸೋದರತ್ತೆ ಮನೆಗೆ ಬರುವುದನ್ನೇ ಬಿಟ್ಟಿದ್ದಾರೆ. ಅವರ ಗೊರಕೆಯನ್ನು ಅವರ ಮುಂದೆಯೇ ಮಾಡಿ ತೋರಿಸಿದ್ದೆ. ಎರಡನೆಯದರಿಂದ ಹನ್ನೆರಡು ಹೆಂಗಸರ ಚರಕ ನಿಲ್ಲುವುದರಲ್ಲಿತ್ತು.

ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಓಣಿಯ ಬಟ್ಟೆ ಅಂಗಡಿಯಲ್ಲಿ ನಾನು ಸೇಲ್ಸ್‌ಮನ್. ಯಜಮಾನರು ಯೂಸುಫ್ ಸಾಹೇಬರು. ಕಲಬುರಗಿ ಕಡೆಯ ಹಳ್ಳಿಯೊಂದರಲ್ಲಿ ಮುಚ್ಚಿಹೋಗಿದ್ದ ನೂಲುವ ಕೇಂದ್ರವನ್ನು ಶರಣಮ್ಮ ಎಂಬವರು ಹನ್ನೊಂದು ಹೆಂಗಸರನ್ನು ಕೂಡಿಸಿಕೊಂಡು ಮತ್ತೆ ತೆರೆದಿದ್ದರು. ಅವರ ನೂಲಿನಿಂದ ನೇಯ್ದ ಬಟ್ಟೆಯನ್ನು ಸಾಹೇಬರು ತರಿಸಿ, ಅಂಗಡಿಯ ಟೈಲರ್ ಸೆಲ್ವಂ ಅಣ್ಣನ ಕೈಯಲ್ಲಿ ಅಂಗಿ ಹೊಲಿಸಿದರು. "ಇದು ಹೋದ್ರೆ ಇನ್ನೊಂದು ಲಾಟು. ಇಲ್ಲಾಂದ್ರೆ ಖತಂ" ಎಂದರು. ಶರಣಮ್ಮ ದಿನಾ ಫೋನ್ ಮಾಡುತ್ತಿದ್ದರು: "ತಮ್ಮಾ, ಇವತ್ತೆಷ್ಟು ಅಂಗಿ ಹೋದ್ವಪಾ?" ಫೋನಿಟ್ಟ ಕೂಡಲೇ ನಾನು ಅದೇ ದನಿಯಲ್ಲಿ ಸೆಲ್ವಂ ಅಣ್ಣನಿಗೆ ಕೇಳುತ್ತಿದ್ದೆ. ಒಮ್ಮೆ ಕಾಲ್ ಕಟ್ ಮಾಡುವುದನ್ನು ಮರೆತಿದ್ದೆ.

ಅಂಗಿಗಳು ಮಾತ್ರ ಹೋಗುತ್ತಿರಲಿಲ್ಲ. ಇಂದಿರಾನಗರದಿಂದ ಬಂದ ಮೇಡಂ ಒಬ್ಬರು ಕೂಲಿಂಗ್ ಗ್ಲಾಸ್ ಹಣೆಗೇರಿಸಿ, ಬಟ್ಟೆಯ ಮೇಲೆ ಬೆರಳಾಡಿಸಿ, "ಇಲ್ಲೇನೋ ಗಂಟಿದ್ಯಲ್ಲ, ಡಿಫೆಕ್ಟ್ ಪೀಸಾ?" ಎಂದು ಕೇಳಿ ಹೊರಟೇಹೋದರು. ಅವರನ್ನು ನಾನು ಬಹಳ ಚೆನ್ನಾಗಿ ಮಾಡುತ್ತೇನೆ, ಕಾಗದದ ಮೇಲೆ ಬರುವುದಿಲ್ಲ ಅಷ್ಟೇ. ಆ ಮಧ್ಯಾಹ್ನ ನನ್ನೊಳಗಿನ ಸಮಾಜಸೇವಕ ಎದ್ದ. ಸಾಹೇಬರು ನಮಾಜಿಗೆ ಹೋದಾಗ ನೇಲ್ ಕಟ್ಟರ್ ಹಿಡಿದು ಕೂತು ಇಪ್ಪತ್ತು ಅಂಗಿಗಳ ಗಂಟುಗಳನ್ನೆಲ್ಲ ಕತ್ತರಿಸಿ ತೆಗೆದೆ. ಬಟ್ಟೆ ಬೆಣ್ಣೆಯಂತಾಯಿತು. ನಾಲ್ಕೇ ದಿನದಲ್ಲಿ ಇಪ್ಪತ್ತೂ ಖಾಲಿ.

ಒಂದು ಒಗೆತವಾದ ಮೇಲೆ ಅಂಗಿಗಳು ಒಂದೊಂದೇ ವಾಪಸ್ ಬಂದವು. ಗಂಟಿದ್ದ ಕಡೆಯೆಲ್ಲ ಎಳೆ ಜಾರಿ ತೂತು ಬಿದ್ದಿತ್ತು. ಸಿ.ವಿ. ರಾಮನ್ ನಗರದ ಹಿರಿಯರೊಬ್ಬರು ತೂತಿನಲ್ಲಿ ಬೆರಳು ತೂರಿಸಿ ನನ್ನ ಮುಖದೆದುರು ಆಡಿಸಿದರು. "ನೂಲೇ ಕಚ್ಚಾ" ಎಂದರು ಸಾಹೇಬರು. ರಾಮಮೂರ್ತಿ ನಗರದ ಮಗಳ ಮನೆಗೆ ಬಂದಿದ್ದ ಶರಣಮ್ಮ ಸುದ್ದಿ ತಿಳಿದು ನೇರ ಅಂಗಡಿಗೇ ಬಂದರು. ಅಂಗಿಯನ್ನು ಬೆಳಕಿಗೆ ಹಿಡಿದು, "ಎಳಿ ಹರಿದಲ್ಲೆಲ್ಲ ಗಂಟು ಹಾಕೀವ್ರಿ ಸಾಹೇಬ್ರ. ಅವೆಲ್ಲಿ ಹೋದ್ವು?" ಎಂದರು.

"ಹಾಕಿದ್ರೆ ಇರ್ಬೇಕಿತ್ತಲ್ಲಮ್ಮ? ಸಾಕು, ಬಂದ್ ಮಾಡೋಣ."

ಶರಣಮ್ಮ ತೂತುಬಿದ್ದ ಅಂಗಿಗಳನ್ನು ಹೊಸ ಅಂಗಿಗಳ ಹಾಗೆ ನೀಟಾಗಿ ಮಡಿಸಿ ಚೀಲಕ್ಕೆ ತುಂಬತೊಡಗಿದರು.

"ನಾನೇ ಕತ್ತರಿಸಿದ್ದು," ಎಂದೆ.

"ಅರೇ, ಇದು ಯಾರ್ದೋ ಆವಾಜು?" ಎಂದು ಸಾಹೇಬರು ನಕ್ಕರು. ಸೆಲ್ವಂ ಅಣ್ಣನೂ ಮಿಷನ್ ನಿಲ್ಲಿಸಿ ನಕ್ಕ. ಆ ಅಂಗಡಿಯಲ್ಲಿ ನನ್ನ ಸ್ವಂತ ದನಿಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೊನೆಗೆ ಜೇಬಿನಿಂದ ನೇಲ್ ಕಟ್ಟರ್ ತೆಗೆದು ಟೇಬಲ್ಲಿನ ಮೇಲಿಟ್ಟೆ. ಅದರ ಬಾಯಲ್ಲಿ ಇನ್ನೂ ಬಿಳಿ ನೂಲು ಸಿಕ್ಕಿಕೊಂಡಿತ್ತು. ನಗು ನಿಂತಿತು.

ಶರಣಮ್ಮ ಬೈಯಲಿಲ್ಲ. ಬೈದಿದ್ದರೆ ಅದನ್ನಾದರೂ ಕಲಿಯುತ್ತಿದ್ದೆ. "ಫೋನಿನ್ಯಾಗ ನನ್ನಂಗ ಮಾತಾಡ್ತಿದ್ದಿ, ಕೇಳೀನಿ. ಈಗ ನನ್ನಂಗ ಗಂಟು ಹಾಕು, ನೋಡೂಣು" ಎಂದು ಸೂಜಿ ಕೊಟ್ಟು ಕೂಡಿಸಿದರು. ಒಂದು ಅಂಗಿ ರಿಪೇರಿಯಾಗಲು ಮೂರು ಸಂಜೆ ಹಿಡಿಯಿತು. ಯಾರನ್ನು ಬೇಕಾದರೂ ಒಂದು ನಿಮಿಷದಲ್ಲಿ ಅನುಕರಿಸಬಲ್ಲೆ. ಶರಣಮ್ಮನ ಬೆರಳುಗಳು ಮಾತ್ರ ಇವತ್ತಿಗೂ ಬಂದಿಲ್ಲ.

ಸಾಹೇಬರು ಇನ್ನೊಂದು ಲಾಟು ತರಿಸಿದ್ದಾರೆ. ನೇಲ್ ಕಟ್ಟರ್ ಅವರ ಗಲ್ಲಾದಲ್ಲಿದೆ. ರಿಪೇರಿ ಮಾಡಿದ ಅಂಗಿ ತೊಟ್ಟೇ ಅಂಗಡಿಯಲ್ಲಿ ನಿಲ್ಲಬೇಕೆಂಬುದು ನನಗೆ ಶಿಕ್ಷೆ. ಮೊನ್ನೆ ಅದೇ ಇಂದಿರಾನಗರದ ಮೇಡಂ ಬಂದು ಹೊಸ ಅಂಗಿಯ ಗಂಟು ಮುಟ್ಟಿ ಮತ್ತದೇ ಪ್ರಶ್ನೆ ಕೇಳಿದರು. ಎದೆ ಮುಂದೆ ಮಾಡಿ ಹೇಳಿದೆ:

"ಅವೆಲ್ಲ ಸರಿಯಾಗಿವೆ ಮೇಡಂ. ಡಿಫೆಕ್ಟ್ ನೋಡ್ಬೇಕಂದ್ರೆ ಇಲ್ನೋಡಿ, ಇವು ನಾನು ಹಾಕಿದ್ದು."